ಬಾಲ ಆಡಿಸಿದ್ದೆಲ್ಲ ಹಸಿವಲ್ಲ

ಊಟಕ್ಕೆ ಕುಳಿತವರ ಎದುರು ಬಂದು, ಮುಖವನ್ನೇ ನೋಡುತ್ತಾ ಜೊಲ್ಲು ಸುರಿಸುವ ನಾಯಿಗೆ ಒಂದು ತುತ್ತು ಹಾಕದೆ ಏಳುವುದು ಎಂಥವರಿಗೂ ಕಷ್ಟ. ‘ಪಾಪ, ಹಸಿದಿದೆ’ ಎಂದು ಅಜ್ಜಿ ಚಪಾತಿ ಹಾಕುತ್ತಾರೆ, ಮಕ್ಕಳು ಬಿಸ್ಕತ್ತು ಕೊಡುತ್ತಾರೆ. ಆದರೆ ಆ ಜೊಲ್ಲು ಹಸಿವಿನದೇ ಆಗಿರಬೇಕಿಲ್ಲ. ಆಹಾರ ಕೊಡುವ ಮುನ್ನ ಪ್ರತಿ ಸಲವೂ ಒಂದೇ ಸದ್ದು ಕೇಳಿಸುತ್ತಿದ್ದರೆ, ಕ್ರಮೇಣ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆಂದು ರಷ್ಯಾದ ಇವಾನ್ ಪಾವ್ಲೋವ್ ತೋರಿಸಿದ್ದರು. ನಮ್ಮ ಮನೆಗಳಲ್ಲಿ ತಟ್ಟೆಯ ಸದ್ದು, ಡಬ್ಬಿಯ ಮುಚ್ಚಳದ ಸದ್ದು ಇದೇ ಪಾಠ ಕಲಿಸುತ್ತವೆ.

ಬೆಕ್ಕು ಇನ್ನೂ ಜಾಣ. ತಿಂಡಿ ಬೇಡುವಾಗ ಕೆಲವು ಬೆಕ್ಕುಗಳು ತಮ್ಮ ಗುರ್‌ಗುರ್ ಸದ್ದಿನೊಳಗೆ ಮಗುವಿನ ಅಳುವಿನಂಥ ಸ್ವರವೊಂದನ್ನು ಬೆರೆಸುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಕಂಡುಕೊಂಡರು. ಅದನ್ನು ಕೇಳಿದವರು ಸುಮ್ಮನೆ ಕೂರಲಾರರು!

ಹಾಗಾದರೆ ಯಾವುದನ್ನು ನಂಬಬೇಕು? ಪಕ್ಕೆಲುಬನ್ನು. ನಿಮ್ಮ ಅಂಗೈಯನ್ನು ಬಿಡಿಸಿ ಹಿಡಿದು, ಅದರ ಹಿಂಬದಿಯ ಮೂಳೆಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಯನ್ನು ಸವರಿದಾಗಲೂ ಹಾಗೆಯೇ ಅನಿಸಿದರೆ ಮೈ ಹದವಾಗಿದೆ. ಮುಷ್ಟಿಯ ಗೆಣ್ಣುಗಳಂತೆ ಎದ್ದು ತೋರಿದರೆ ಬಡಕಲು. ಮೂಳೆಯೇ ಕೈಗೆ ಸಿಗದಿದ್ದರೆ ಬೊಜ್ಜು. ಇದು ಬರಿಯ ಅಂದಚೆಂದದ ಮಾತಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದ ಸಾಯುವವರೆಗೂ ಗಮನಿಸಿ, 2002ರಲ್ಲಿ ವರದಿ ಪ್ರಕಟಿಸಿದರು. ಜೊತೆಗಾರ ನಾಯಿಗಳಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದವು.

ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು, ಅಳತೆಯ ಊಟ ಸಾಕು. ಮರಿಗಳಿಗೆ ಮೂರು ನಾಲ್ಕು ಸಲ ಬೇಕು. ಬರೀ ಮೊಸರನ್ನದಲ್ಲಿ ಪ್ರೋಟೀನು ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಸೇರಿಸಬಹುದು. ಉಳಿದ ಸಾಂಬಾರು, ಪಲ್ಯ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಗೆ ಚಾಕಲೇಟು, ದ್ರಾಕ್ಷಿಯೂ ವಿಷವೇ.

ಬೆಕ್ಕಿನ ವಿಷಯದಲ್ಲಿ ಸಸ್ಯಾಹಾರಿ ಮನೆಯವರು ಸ್ವಲ್ಪ ಯೋಚಿಸಬೇಕು. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತುವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲು-ಅನ್ನ ಇದನ್ನು ತುಂಬಿಕೊಡಲಾರದು. ಮಾಂಸ, ಮೀನು ಒಲ್ಲದವರು ಟಾರಿನ್ ಬೆರೆಸಿದ ಸಿದ್ಧ ಆಹಾರ ತರಬಹುದು. ಅದಕ್ಕೂ ಒಪ್ಪದವರು ಬೆಕ್ಕು ಸಾಕದಿರುವುದೇ ವಾಸಿ.

ಇನ್ನು, ಚೆನ್ನಾಗಿ ತಿಂದರೂ ಇಳಿದುಹೋಗುವ ಪ್ರಾಣಿಗೆ ಜಂತುಹುಳುವೋ ಸಕ್ಕರೆ ಕಾಯಿಲೆಯೋ ಇರಬಹುದು. ಬೇಡುವುದನ್ನೇ ಬಿಟ್ಟದ್ದು ಇನ್ನೂ ಗಂಭೀರ. ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ.