ಬಾವು ಇಳಿದರೂ ಚಿಕಿತ್ಸೆ ನಿಲ್ಲಿಸಬೇಡಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲೇ ಇರಲಿ, ಕೆಚ್ಚಲು ಬಾವು ಹೈನುಗಾರರಿಗೆ ಹೊಸದಲ್ಲ. ಒಂದೆರಡು ಇಂಜೆಕ್ಷನ್‌ಗೆ ಬಾವು ಇಳಿಯಿತೆಂದು ಚಿಕಿತ್ಸೆ ನಿಲ್ಲಿಸಿದರೆ, ಅಳಿದುಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮುಂದೆ ಅದೇ ಆಂಟಿಬಯೋಟಿಕ್ ಹಸುವಿಗೆ ನಾಟದು. ಸಗಣಿ, ಹಸಿ ಹಾಲು, ಕರೆಯುವ ಕೈಗಳ ಮೂಲಕ ಅಂಥ ರೋಗಾಣು ಮನೆಮಂದಿಗೂ ತಗಲಬಹುದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಹಾಲು, ಮಾಂಸ, ಮೊಟ್ಟೆ ಕೊಡುವ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದಕ್ಕೇ.

ನೀವು ಮಾಡಬೇಕಾದ್ದು:
* ಉಳಿದ ಔಷಧವನ್ನು ನೀವೇ ಚುಚ್ಚಬೇಡಿ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿಸಿ.
* ಔಷಧದ ಲೇಬಲ್‌ನಲ್ಲಿ ಬರೆದಷ್ಟು ದಿನ, ಬರೆದಿರದಿದ್ದರೆ ಕೊನೆಯ ಡೋಸ್ ನಂತರ ಕನಿಷ್ಠ 7 ದಿನ, ನಾಲ್ಕೂ ಮೊಲೆಯ ಹಾಲನ್ನು ಡೇರಿಗೆ ಹಾಕಬೇಡಿ. ಮನೆಗೂ ಬೇಡ, ಕರುವಿಗೂ ಬೇಡ. ಕಾಯಿಸಿದರೂ ಔಷಧದ ಅಂಶ ಪೂರ್ತಿ ಹೋಗದು.

ವಾರದ ಹಾಲಿನ ಹಣ ಕಳೆದುಕೊಳ್ಳುವುದು ಕಷ್ಟವೇ. ಆದರೆ ಒಂದು ಹಸುವಿನ ಹಾಲು ಎಲ್ಲರ ಹಾಲನ್ನೂ ಕೆಡಿಸೀತು.