ಎರಡು ಮೀಟರ್ ಉದ್ದದ ಪುಸ್ತಕ

ಕವಿತೆಗೆ ಚಿತ್ರ ಬರೆಯುವುದೆಂದರೆ ಏನು? ಕವಿ ನವಿಲು ಎಂದರೆ ಪುಟದ ಮೂಲೆಯಲ್ಲೊಂದು ನವಿಲು, ಮಳೆ ಎಂದರೆ ನಾಲ್ಕು ಓರೆಗೆರೆ. ವಿಶೇಷಾಂಕಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಇದನ್ನೇ. ಇಲ್ಲಿ ಕವಿ ಮುಂದೆ, ಚಿತ್ರಕಾರರು ಹಿಂದೆ. ಆದರೆ ಚಿತ್ರಕಾರರು ಅಮೂರ್ತ ಕಲೆಯವರಾದರೆ? ಅವರ ಚಿತ್ರದಲ್ಲಿ ನವಿಲೂ ಇರದು, ಮಳೆಯೂ ಇರದು. ಇರುವುದು ಬಣ್ಣ, ಆಕಾರ, ಲಯ ಮಾತ್ರ. ಅಂಥವರಿಗೂ ಕವಿಗೂ ಒಂದೇ ಹಾಳೆಯ ಮೇಲೆ ಏನು ಕೆಲಸ? 1913ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಒಂದು ಪುಸ್ತಕ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಪುಸ್ತಕದ ಹೆಸರು ‘ಟ್ರಾನ್ಸ್‌ಸೈಬೀರಿಯನ್ ರೈಲಿನ ಮತ್ತು ಫ್ರಾನ್ಸಿನ ಪುಟ್ಟ ಜೆಹಾನಳ ಗದ್ಯ’. ಹೆಸರು ಗದ್ಯವೆಂದರೂ ಇದು 400ಕ್ಕೂ ಹೆಚ್ಚು ಸಾಲುಗಳ ಕವಿತೆ. ಬರೆದವರು ಬ್ಲೇಸ್ ಸಾಂಡ್ರಾರ್. ಸ್ವಿಟ್ಜರ್ಲೆಂಡಿನಲ್ಲಿ 1887ರಲ್ಲಿ ಹುಟ್ಟಿದ ಇವರು ಹದಿಹರೆಯದಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಗಡಿಯಾರದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕಿದ್ದರು. ಬಣ್ಣ ಕೊಟ್ಟವರು ಸೋನಿಯಾ ಡೆಲೋನೆ. ಇಂದಿನ ಯುಕ್ರೇನಿನಲ್ಲಿ 1885ರಲ್ಲಿ ಹುಟ್ಟಿ, ಅದೇ ಪೀಟರ್ಸ್‌ಬರ್ಗಿನಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು, ಚಿತ್ರಕಲೆಗಾಗಿ ಪ್ಯಾರಿಸ್ಸಿಗೆ ಬಂದವರು. ಹೀಗೆ ಪ್ಯಾರಿಸ್ಸಿನಲ್ಲಿ ಭೇಟಿಯಾದ ಇಬ್ಬರಿಗೂ ರಷ್ಯಾದ ನೆನಪು ಸಮಾನವಾಗಿತ್ತು.

ಸೋನಿಯಾ ಅಮೂರ್ತ ಕಲೆಯತ್ತ ಹೊರಳಿದ್ದು ಹೇಗೆಂಬುದೂ ಸ್ವಾರಸ್ಯಕರ. 1911ರಲ್ಲಿ ತಮ್ಮ ಹಸುಗೂಸಿಗಾಗಿ ಅವರು ರಷ್ಯಾದ ರೈತಾಪಿ ಹೆಂಗಸರಂತೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಒಂದು ಕೌದಿ ಹೊಲಿದರು. ನಮ್ಮ ಅಜ್ಜಿಯಂದಿರು ಹೊಲಿಯುವಂಥದೇ ಕೌದಿ. ಆ ತುಂಡುಗಳ ಜೋಡಣೆಯೇ ಅವರ ಮುಂದಿನ ಚಿತ್ರಗಳಿಗೆ ದಾರಿಯಾಯಿತು. ಆ ಕೌದಿ ಈಗ ಪ್ಯಾರಿಸ್ಸಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಸೇರಿದೆ.

ಇದರ ಹಿಂದೆ ಒಂದು ವಿಜ್ಞಾನದ ಸಂಗತಿಯೂ ಇದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಅವರು ಗೊಬೆಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಾಗ ಪರೀಕ್ಷಿಸಿದರು. ದೋಷ ಬಣ್ಣದ್ದಲ್ಲ, ಪಕ್ಕದಲ್ಲಿದ್ದ ಬೇರೆ ಬಣ್ಣದ ನೂಲಿನ ಪ್ರಭಾವ ಎಂದು ತಿಳಿಯಿತು. ಹಸಿರು ಸೀರೆಗೆ ಕೆಂಪು ಅಂಚಿದ್ದರೆ ಎರಡೂ ಹೆಚ್ಚು ಎದ್ದು ಕಾಣುತ್ತವಲ್ಲವೇ? ಅದೇ ತತ್ತ್ವ. ಈ ಕುರಿತ ಅವರ ಗ್ರಂಥ 1839ರಲ್ಲಿ ಪ್ರಕಟವಾಯಿತು. ಸೋನಿಯಾ ಮತ್ತು ಅವರ ಪತಿ, ಕಲಾವಿದ ರಾಬರ್ಟ್ ಡೆಲೋನೆ ಇದನ್ನೇ ಚಿತ್ರಕಲೆಯ ಆಧಾರವಾಗಿಸಿಕೊಂಡು ‘ಏಕಕಾಲಿಕತೆ’ ಎಂದು ಕರೆದರು. ಒಂದು ಬಣ್ಣ ಇನ್ನೊಂದರ ಜತೆಯಲ್ಲಿದ್ದಾಗಲೇ ಪೂರ್ಣ ಎಂಬುದು ಇದರ ಸಾರ.

ಬಣ್ಣಕ್ಕೆ ಬಣ್ಣ ಜತೆಯಾಗುವಂತೆ ಬಣ್ಣಕ್ಕೆ ಮಾತೂ ಏಕೆ ಜತೆಯಾಗಬಾರದು? ಈ ಪುಸ್ತಕ ಮಾಡಿದ ಪ್ರಯೋಗ ಇದು. ನಾಲ್ಕು ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿ ಸುಮಾರು ಎರಡು ಮೀಟರ್ ಉದ್ದ ಮಾಡಲಾಯಿತು. ಹಿಂದೆ ನಮ್ಮ ವರ್ತಕರು ಲೆಕ್ಕ ಬರೆಯುತ್ತಿದ್ದ ಬಟ್ಟೆಯ ಕಡತದಂತೆ ಇದನ್ನೂ ಮಡಿಕೆ ಮಡಿಕೆಯಾಗಿ ಮಡಚಿಡಬಹುದು. ಬಿಚ್ಚಿದರೆ ಬಲಗಡೆ ಕವಿತೆ, ಎಡಗಡೆ ಮೇಲಿಂದ ಕೆಳಗಿನವರೆಗೆ ಹರಿಯುವ ಬಣ್ಣದ ಸುರುಳಿಗಳು. ಕವಿತೆಯ ಅಕ್ಷರಗಳೂ ಒಂದೇ ಅಳತೆಯವಲ್ಲ, ಒಂದೇ ಬಣ್ಣದವೂ ಅಲ್ಲ. ಸಾಲುಗಳ ನಡುವಿನ ಖಾಲಿ ಜಾಗಕ್ಕೂ ಬಣ್ಣವಿದೆ. ಗೋಣಿಚೀಲದ ಮೇಲೆ ಅಕ್ಷರ ಮೂಡಿಸುವಂತೆ, ಕತ್ತರಿಸಿದ ಅಚ್ಚುಗಳನ್ನಿಟ್ಟು ಪ್ರತಿಯೊಂದು ಪ್ರತಿಗೂ ಕೈಯಿಂದಲೇ ಬಣ್ಣ ಹಚ್ಚಲಾಯಿತು.

ಕವಿತೆಯಲ್ಲಿರುವುದು ಹದಿನಾರರ ಹುಡುಗನೊಬ್ಬನ ರೈಲು ಪ್ರಯಾಣ. ಕಾಲ ರಷ್ಯಾ–ಜಪಾನ್ ಯುದ್ಧದ್ದು. ಜತೆಯಲ್ಲಿ ಊರಿನಿಂದ ದೂರವಾದ ಪುಟ್ಟ ಜೆಹಾನ್. ಎದುರಿನಿಂದ ಗಾಯಾಳು ಸೈನಿಕರನ್ನು ಹೊತ್ತ ಗಾಡಿಗಳು ಬರುತ್ತವೆ. ಆದರೆ ಎಡಗಡೆ ನೋಡಿ: ಅಲ್ಲಿ ರೈಲಿಲ್ಲ, ಗಾಯಾಳುಗಳಿಲ್ಲ. ಕವಿತೆ ಕತ್ತಲೆಗೆ ಇಳಿದಾಗಲೂ ಬಣ್ಣಗಳು ಬೆಳಕಾಗಿಯೇ ಉರುಳುತ್ತವೆ. ಓದುವವರ ಮನಸ್ಸಿಗೆ ದುಃಖ, ಕಣ್ಣಿಗೆ ಉಲ್ಲಾಸ, ಎರಡೂ ಒಂದೇ ಗಳಿಗೆಯಲ್ಲಿ. ಕೊನೆಯಲ್ಲಿ ಕವಿತೆ ಪ್ಯಾರಿಸ್ಸಿಗೆ ಮರಳುವಾಗ ಮಾತ್ರ ಎಡಗಡೆಯ ಕೆಳತುದಿಯಲ್ಲಿ ಕೆಂಪು ಐಫೆಲ್ ಗೋಪುರವೊಂದು ಕಾಣಿಸಿಕೊಳ್ಳುತ್ತದೆ. ಅಷ್ಟು ದೂರ ಬೇರೆ ಬೇರೆ ಹಾದಿಯಲ್ಲಿ ನಡೆದ ಇಬ್ಬರೂ ಅಲ್ಲಿ ಸಂಧಿಸುತ್ತಾರೆ.

150 ಪ್ರತಿಗಳನ್ನು ತರುವುದು ಉದ್ದೇಶವಾಗಿತ್ತು. ಎಲ್ಲವನ್ನೂ ಬಿಚ್ಚಿ ಒಂದರ ಮೇಲೊಂದು ನಿಲ್ಲಿಸಿದರೆ 300 ಮೀಟರಿನ ಐಫೆಲ್ ಗೋಪುರದಷ್ಟೇ ಎತ್ತರವಾಗಬೇಕೆಂಬ ಲೆಕ್ಕ. ಅಷ್ಟು ಪ್ರತಿಗಳು ಸಿದ್ಧವಾಗಲೇ ಇಲ್ಲ. 1914ರಲ್ಲಿ ಮಹಾಯುದ್ಧ ಬಂತು. 1915ರಲ್ಲಿ ಸಾಂಡ್ರಾರ್ ಯುದ್ಧಭೂಮಿಯಲ್ಲಿ ಬರೆಯುವ ಬಲಗೈಯನ್ನೇ ಕಳೆದುಕೊಂಡು, ಬಳಿಕ ಎಡಗೈಯಲ್ಲಿ ಬರೆಯಲು ಕಲಿತರು. ಉಳಿದ ಪ್ರತಿಗಳಲ್ಲಿ ಕೆಲವು ಲಂಡನ್ನಿನ ಟೇಟ್, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮುಂತಾದ ಕಡೆ ಇವೆ.

ಪುಸ್ತಕದ ಮೇಲೆ ಮುದ್ರಿಸಿದ ಒಂದು ವಿವರವನ್ನು ಇಲ್ಲಿ ಮರೆಯಬಾರದು. ಅಲ್ಲಿ ಸೋನಿಯಾ ಅವರ ಹೆಸರಿನೊಂದಿಗೆ ‘ಚಿತ್ರಗಳು’ ಎಂದಿಲ್ಲ, ‘ಏಕಕಾಲಿಕ ಬಣ್ಣಗಳು’ ಎಂದಿದೆ. ತಮ್ಮ ಕವಿತೆಗೆ ಚಿತ್ರ ಬರೆಸಿಕೊಂಡೆನೆಂದು ಕವಿ ಭಾವಿಸಲಿಲ್ಲ. ಆದರೂ ಮುಂದೆ ಎಷ್ಟೋ ಕಡೆ ಈ ಪುಸ್ತಕ ಕವಿಯ ಹೆಸರಿನಲ್ಲೇ ಉಳಿದು, ಸೋನಿಯಾ ಅವರ ಪಾಲು ಅಲಂಕಾರವೆಂಬಂತೆ ಕಂಡದ್ದುಂಟು. ಅದು ಸರಿಯಲ್ಲ ಎಂಬುದಕ್ಕೆ ಪುಸ್ತಕವೇ ಸಾಕ್ಷಿ.

ಇಂಥ ಕೃತಿಯನ್ನು ದೂರದರ್ಶನದ ಪರದೆಯ ಮೇಲೆ ಪೂರ್ತಿ ತೋರಿಸುವುದು ಕಷ್ಟ. ಪರದೆ ಅಡ್ಡ, ಪುಸ್ತಕ ಉದ್ದ. ಕ್ಯಾಮರಾ ಅಕ್ಷರದ ಹತ್ತಿರ ಹೋದರೆ ಬಣ್ಣ ತಪ್ಪುತ್ತದೆ, ಬಣ್ಣಕ್ಕೆ ಹೋದರೆ ಅಕ್ಷರ. ಆದ್ದರಿಂದ ವೀಕ್ಷಕರು ಇದರ ಚಿತ್ರ ಎಲ್ಲಾದರೂ ಸಿಕ್ಕಾಗ ಮೊದಲು ದೂರ ನಿಂತು ಇಡಿಯಾಗಿ ನೋಡುವುದು ಒಳ್ಳೆಯದು. ಈ ಬಣ್ಣ ಕವಿತೆಯ ಯಾವ ಸಾಲನ್ನು ತೋರಿಸುತ್ತಿದೆ ಎಂದು ಹುಡುಕಬೇಕಾಗಿಲ್ಲ. ಆ ಸಾಲು ಓದುವಾಗ ಪಕ್ಕದಲ್ಲಿ ಈ ಬಣ್ಣ ಇಲ್ಲದಿದ್ದರೆ ಏನು ಕಡಮೆಯಾಗುತ್ತಿತ್ತು ಎಂದು ಕೇಳಿಕೊಂಡರೆ ಸಾಕು.