ಪಾಸ್ ಮುಗಿಯೋ ಮುಂಚೆ: ಸರ್ಟಿಫಿಕೇಟ್ ಪಡೆಯೋ, ನವೀಕರಿಸೋ, ರದ್ದು ಮಾಡೋ ಕೋಡ್

ಈ ವಾರದ ಮಾತಿನ ಬರಹ ರೂಪ ಇದು. ಬೊರಿವಲಿ ಲೋಕಲ್‌ನಲ್ಲಿ ನಿಂತುಕೊಂಡು ವೀಡಿಯೊ ನೋಡೋಕೆ ಆಗದವರು, ಕೋಡ್ ಬರೆಯುವಾಗ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಅನ್ನುವವರು ಇದನ್ನೇ ಓದಿಕೊಳ್ಳಬಹುದು.

ಮೊದಲು ಒಂದು ಗೊಂದಲ ಬಿಡಿಸೋಣ. ಟ್ಯಾಕ್ಸ್ ರಿಟರ್ನ್‌ಗೆ ಸಹಿ ಹಾಕಲು ಯುಎಸ್‌ಬಿ ಟೋಕನ್‌ನಲ್ಲಿ ಇಟ್ಟುಕೊಳ್ಳುವ ಡಿಎಸ್‌ಸಿ ಬಗ್ಗೆ ಇವತ್ತಿನ ಮಾತು ಅಲ್ಲ. ವೆಬ್‌ಸೈಟಿನ ಹೆಸರಿನ ಪಕ್ಕ ಬೀಗ ತೋರಿಸುವ ಟಿಎಲ್‌ಎಸ್ ಸರ್ಟಿಫಿಕೇಟ್ ಬಗ್ಗೆ. ಹಾಗೇ, ಇಲ್ಲಿ ಸಿಎ ಅಂದ್ರೆ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಸರ್ಟಿಫಿಕೇಟ್ ಅಥಾರಿಟಿ.

ಈಗ ಯಾಕೆ?

ಸಿಎಗಳು ಮತ್ತು ಬ್ರೌಸರ್ ಕಂಪನಿಗಳು ಸೇರಿ ನಿಯಮ ಮಾಡುವ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಂದು ನಿರ್ಣಯ ಮಾಡಿತು. 398 ದಿನ ಇದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಎಕ್ಸೆಲ್ ಶೀಟ್ ನೋಡಿ ವರ್ಷಕ್ಕೊಮ್ಮೆ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ವರ್ಷಕ್ಕೆ ಕನಿಷ್ಠ 8 ಸಲ ಮಾಡಬೇಕು. ಸಾವಿರ ಸರ್ಟಿಫಿಕೇಟ್ ಇರುವ ಕಡೆ 8,000 ಸಲ. ಇದು ಮನುಷ್ಯ ಮಾಡೋ ಕೆಲಸ ಅಲ್ಲ.

ನಮ್ಮ ಮುಂಬಯಿಯದ್ದೇ ಉದಾಹರಣೆ ತಗೊಳ್ಳಿ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್.ಇನ್ ಡೊಮೈನ್‌ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಅದೇ ವರ್ಷ ಏಪ್ರಿಲ್‌ನಲ್ಲಿ ಸುತ್ತೋಲೆ ಕಳಿಸಿತು. ಬ್ಯಾಂಕ್ ಪ್ರಾಜೆಕ್ಟಿನಲ್ಲಿ ಇರುವವರಿಗೆ ಇದರ ಬಿಸಿ ಗೊತ್ತು. ಹೊಸ ಹೆಸರಿಗೆಲ್ಲ ಹೊಸ ಸರ್ಟಿಫಿಕೇಟ್ ಬೇಕು. ಹಳೇ ಹೆಸರಿಗೆ ಬಂದ ಗ್ರಾಹಕರನ್ನು ಹೊಸ ಹೆಸರಿಗೆ ಕಳಿಸಬೇಕಾದರೆ ಹಳೇದಕ್ಕೂ ಸರ್ಟಿಫಿಕೇಟ್ ಜೀವಂತ ಇರಲೇಬೇಕು. ಲೆಕ್ಕ ದುಪ್ಪಟ್ಟು ಆಯ್ತು, ಅವಧಿ ಅರ್ಧ ಆಯ್ತು.

ಮರೆತರೆ ಏನಾಗುತ್ತೆ? 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತುಹೋಗಿದ್ದು ಅವಧಿ ಮುಗಿದ ಒಂದು ಸರ್ಟಿಫಿಕೇಟಿನಿಂದ. ಅಷ್ಟು ದೊಡ್ಡ ಕಂಪನಿಗೇ ಹಾಗೆ.

ಪಡೆಯುವುದು

ಇದಕ್ಕಿರುವ ಪ್ರೋಟೊಕಾಲ್ ಹೆಸರು ಆಕ್ಮೆ. 2019ರಲ್ಲಿ ಆರ್‌ಎಫ್‌ಸಿ 8555 ಆಗಿ ಬಂತು. ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಇದನ್ನೇ ಬಳಸುತ್ತೆ, ಹಣ ತೆಗೆದುಕೊಳ್ಳುವ ಸಿಎಗಳೂ ಕೊಡುತ್ತವೆ. ಸರ್ಟ್‌ಬಾಟ್‌ನಂಥ ರೆಡಿಮೇಡ್ ಕ್ಲೈಂಟ್ ಬಳಸಿದರೂ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ರಾತ್ರಿ 2 ಗಂಟೆಗೆ ಲಾಗ್ ಓದೋದು ಕಷ್ಟ.

1. ಡೈರೆಕ್ಟರಿಗೆ ಗೆಟ್ ಕಳಿಸಿ. ಮುಂದಿನ ವಿಳಾಸಗಳೆಲ್ಲ ಅಲ್ಲಿ ಸಿಗುತ್ತವೆ. ಅವನ್ನು ಕೋಡ್‌ನಲ್ಲಿ ಬರೆದಿಡಬೇಡಿ.

2. ಒಂದು ಅಕೌಂಟ್ ಕೀ ಮಾಡಿ, ಖಾತೆ ತೆರೆಯಿರಿ. ಮುಂದಿನ ಪೋಸ್ಟ್‌ಗಳಿಗೆಲ್ಲ ಇದೇ ಕೀಯ ಸಹಿ. ಪ್ರತಿ ಸಹಿಯೊಳಗೂ ಸರ್ವರ್ ಕೊಟ್ಟ ಒಂದು ನಾನ್ಸ್ ಇರಬೇಕು, ಒಂದು ನಾನ್ಸ್ ಒಂದೇ ಸಲ ನಡೆಯುತ್ತೆ. ಬ್ಯಾಡ್‌ನಾನ್ಸ್ ಅಂತ ಎರರ್ ಬಂದರೆ ಗಾಬರಿ ಬೇಡ, ಆ ಉತ್ತರದಲ್ಲೇ ಬಂದ ಹೊಸ ನಾನ್ಸ್ ಹಾಕಿ ಮತ್ತೆ ಕಳಿಸಿ.

3. ಯಾವ ಹೆಸರುಗಳಿಗೆ ಬೇಕು ಅಂತ ಆರ್ಡರ್ ಹಾಕಿ.

4. ಆ ಹೆಸರು ನಿಮ್ಮದೇ ಅಂತ ತೋರಿಸಿ. ಪೋರ್ಟ್ 80ರಲ್ಲಿ ಒಂದು ಫೈಲ್ ಇಡುವುದು ಎಚ್‌ಟಿಟಿಪಿ-01. ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ ಹಾಕುವುದು ಡಿಎನ್‌ಎಸ್-01. ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ಬೇಕಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಎರಡನೆಯದನ್ನೇ ಕೇಳುತ್ತೆ.

5. ಆರ್ಡರ್ 'ರೆಡಿ' ಆದಮೇಲೆ ಸಿಎಸ್‌ಆರ್ ಕಳಿಸಿ, 'ವ್ಯಾಲಿಡ್' ಆಗುವ ತನಕ ಕೇಳ್ತಾ ಇರಿ, ಸರ್ಟಿಫಿಕೇಟ್ ಇಳಿಸಿಕೊಳ್ಳಿ. ಸರ್ವರ್ 'ರಿಟ್ರೈ-ಆಫ್ಟರ್' ಅಂತ ಹೇಳಿದರೆ ಅಷ್ಟು ಹೊತ್ತು ಕಾಯಿರಿ.

ನಮ್ಮ ಕಡೆ ಹೆಚ್ಚು ಕಾಟ ಕೊಡುವುದು ನಾಲ್ಕನೇ ಹೆಜ್ಜೆ. ಭಾರತದ ಐಪಿ ಮಾತ್ರ ಒಳಗೆ ಬಿಡುವ ಫೈರ್‌ವಾಲ್ ಇದ್ದರೆ ಎಚ್‌ಟಿಟಿಪಿ-01 ಬಿದ್ದುಹೋಗುತ್ತೆ. ಯಾಕಂದ್ರೆ ಸಿಎ ಬೇರೆ ಬೇರೆ ದೇಶಗಳಿಂದ ಪರೀಕ್ಷೆ ಮಾಡುತ್ತೆ, ಲೆಟ್ಸ್ ಎನ್‌ಕ್ರಿಪ್ಟ್ ಅಂತೂ ಯಾವ ಐಪಿಯಿಂದ ಅಂತ ಪಟ್ಟಿ ಕೊಡಲ್ಲ. ಅಂಥ ಕಡೆ ಡಿಎನ್‌ಎಸ್-01 ಲೇಸು. ಆದರೆ ಇಡೀ ಡಿಎನ್‌ಎಸ್ ಬದಲಾಯಿಸಬಲ್ಲ ಟೋಕನನ್ನು ವೆಬ್ ಸರ್ವರ್ ಮೇಲೆ ಇಡಬೇಡಿ. ಆಕ್ಮೆ ಕೇಳುವ ಆ ಒಂದು ಹೆಸರನ್ನು ಸಿನೇಮ್ ಹಾಕಿ ಬೇರೆ ಝೋನ್‌ಗೆ ತಿರುಗಿಸಿ, ಆ ಝೋನ್‌ಗೆ ಮಾತ್ರ ಟೋಕನ್ ಕೊಡಿ.

ಇನ್ನೊಂದು ವಿಷಯ. ಪ್ರಯೋಗ ಮಾಡುವಾಗ ಸ್ಟೇಜಿಂಗ್ ಸರ್ವರ್ ಬಳಸಿ. ಒಂದೇ ಹೆಸರುಗಳ ಗುಂಪಿಗೆ ಲೆಟ್ಸ್ ಎನ್‌ಕ್ರಿಪ್ಟ್ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡುತ್ತೆ. ಲೂಪ್‌ನಲ್ಲಿ ಸಿಕ್ಕಿಕೊಂಡ ಸ್ಕ್ರಿಪ್ಟ್ ಅದನ್ನು 5 ನಿಮಿಷದಲ್ಲಿ ಮುಗಿಸಿಬಿಡುತ್ತೆ.

ನವೀಕರಿಸುವುದು

ಆಕ್ಮೆಯಲ್ಲಿ 'ರಿನ್ಯೂ' ಅಂತ ಬೇರೆ ರಿಕ್ವೆಸ್ಟೇ ಇಲ್ಲ. ಮತ್ತೆ ಹೊಸ ಆರ್ಡರ್, ಅಷ್ಟೇ. ಯಾವಾಗ ಹಾಕಬೇಕು ಅನ್ನೋದೇ ಪ್ರಶ್ನೆ.

'60 ದಿನಕ್ಕೊಮ್ಮೆ' ಅಂತ ಕ್ರಾನ್‌ನಲ್ಲಿ ಬರೆದಿಟ್ಟವರು ಇವತ್ತೇ ತಿದ್ದಿ. 90 ದಿನದ ಸರ್ಟಿಫಿಕೇಟಿಗೆ ಅದು ಸರಿ, ಅವಧಿ 47 ದಿನಕ್ಕೆ ಇಳಿದಾಗ ನಿಮ್ಮ ಸ್ಕ್ರಿಪ್ಟ್ ಏಳುವ ಹೊತ್ತಿಗೆ ಸೈಟ್ ಸತ್ತು 13 ದಿನ ಆಗಿರುತ್ತೆ. ಕ್ರಾನ್ ದಿನಕ್ಕೆರಡು ಸಲ ಓಡಲಿ. ಸರ್ಟಿಫಿಕೇಟಿನ ಒಟ್ಟು ಅವಧಿಯಲ್ಲಿ ಮೂರನೇ ಒಂದು ಭಾಗ ಉಳಿದಾಗ ನವೀಕರಿಸಲಿ.

ಇನ್ನೂ ಒಳ್ಳೇ ದಾರಿ ಎಆರ್‌ಐ, 2025ರ ಆರ್‌ಎಫ್‌ಸಿ 9773. 'ಈ ಸರ್ಟಿಫಿಕೇಟ್ ಯಾವಾಗ ಬದಲಾಯಿಸಲಿ?' ಅಂತ ಸಿಎಗೇ ಒಂದು ಗೆಟ್ ಕಳಿಸಿ ಕೇಳೋದು. 'ಇಂಥ ಹೊತ್ತಿನಿಂದ ಇಂಥ ಹೊತ್ತಿನೊಳಗೆ' ಅಂತ ಉತ್ತರ ಬರುತ್ತೆ, ಅದರೊಳಗೆ ಯಾವುದೋ ಒಂದು ಗಳಿಗೆ ಆರಿಸಿಕೊಳ್ಳಿ.

ಇದು ಯಾಕೆ ಬೇಕು? 2020ರ ಫೆಬ್ರವರಿ 29ರಂದು ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಕೋಡ್‌ನಲ್ಲಿ ಒಂದು ಬಗ್ ಕಂಡುಕೊಂಡಿತು. 30 ಲಕ್ಷಕ್ಕೂ ಹೆಚ್ಚು ಸರ್ಟಿಫಿಕೇಟ್ ರದ್ದು ಮಾಡಬೇಕಾಗುತ್ತೆ ಅಂತ ಹೇಳಿ ಇಮೇಲ್ ಕಳಿಸಿತು. ಓದಿದವರು ಬದಲಾಯಿಸಿಕೊಂಡರು, ಓದದವರು ಅನೇಕರು. ಹಲವರ ಸೈಟ್ ಬೀಳುತ್ತೆ ಅಂತ ಕೊನೆಗೆ ಎಲ್ಲವನ್ನೂ ಗಡುವಿನೊಳಗೆ ರದ್ದು ಮಾಡಲಿಲ್ಲ. ಎಆರ್‌ಐ ಇದ್ದಿದ್ದರೆ ಸಿಎ ಆ ಅವಧಿಯನ್ನು ಹಿಂದಕ್ಕೆ ಎಳೆದಿದ್ದರೆ ಸಾಕಿತ್ತು, ಅದನ್ನು ಕೇಳುವ ಕ್ಲೈಂಟ್‌ಗಳು ತಾವೇ ಹೊಸದು ತಗೊಳ್ಳುತ್ತಿದ್ದವು.

ನವೀಕರಿಸಿದಮೇಲೆ ಎನ್‌ಜಿನ್‌ಎಕ್ಸ್ ರಿಲೋಡ್ ಆಗಬೇಕು. ಡಿಸ್ಕ್ ಮೇಲೆ ಹೊಸ ಫೈಲ್, ಮೆಮೊರಿಯಲ್ಲಿ ಹಳೇದು, ಇದು ತುಂಬಾ ಕಡೆ ನಡೆಯುವ ಕಥೆ. ಆದ್ದರಿಂದ ಫೈಲ್ ನೋಡಿ 'ಸರಿ ಇದೆ' ಅನ್ನಬೇಡಿ. ಹೊರಗಿನಿಂದ ಸೈಟಿಗೆ ಕನೆಕ್ಟ್ ಆಗಿ ದಿನಾಂಕ ಓದುವ ಇನ್ನೊಂದು ಸ್ಕ್ರಿಪ್ಟ್ ಇಡಿ. 'ಮುಗೀತಾ ಬಂತು' ಅಂತ ಬರುತ್ತಿದ್ದ ಇಮೇಲನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ನಿಲ್ಲಿಸಿದೆ.

ರದ್ದು ಮಾಡುವುದು

ಕೀ ಕದ್ದುಹೋಯಿತು ಅಂದ್ಕೊಳ್ಳಿ. ಯಾರೋ ಅದನ್ನು ಗಿಟ್‌ಗೆ ಪುಶ್ ಮಾಡಿದರು. ಆಗ 'ರಿವೋಕ್‌ಸರ್ಟ್' ವಿಳಾಸಕ್ಕೆ ಸರ್ಟಿಫಿಕೇಟನ್ನೂ ಕಾರಣದ ಸಂಖ್ಯೆಯನ್ನೂ ಕಳಿಸಬೇಕು. ಕೀ ಸೋರಿಕೆಗೆ ಸಂಖ್ಯೆ 1. ಸಹಿ ಅಕೌಂಟ್ ಕೀಯದ್ದಾಗಬಹುದು ಅಥವಾ ಆ ಸರ್ಟಿಫಿಕೇಟಿನ ಖಾಸಗಿ ಕೀಯದ್ದೇ ಆಗಬಹುದು. ಎರಡೂ ಇಲ್ಲದಿದ್ದರೆ, ಹೊಸ ಖಾತೆ ತೆರೆದು ಆ ಹೆಸರುಗಳೆಲ್ಲ ನಿಮ್ಮವು ಅಂತ ಮತ್ತೆ ತೋರಿಸಿದರೂ ನಡೆಯುತ್ತೆ. ಕ್ರಮ ಮರೆಯಬೇಡಿ: ಮೊದಲು ಹೊಸ ಕೀ, ಹೊಸ ಸರ್ಟಿಫಿಕೇಟ್, ಆಮೇಲೆ ಹಳೇದು ರದ್ದು. ತಿರುಗುಮುರುಗಾದರೆ ನಿಮ್ಮ ಸೈಟ್ ನೀವೇ ಬೀಳಿಸಿದ ಹಾಗೆ.

ಆದರೆ ರದ್ದಾದ ಸುದ್ದಿ ಎಲ್ಲ ಬ್ರೌಸರಿಗೂ ತಲುಪುತ್ತಾ? ಬೊರಿವಲಿ–ಚರ್ಚ್‌ಗೇಟ್ ಪಾಸ್ ನೆನಪಿಸಿಕೊಳ್ಳಿ. ಅಂಧೇರಿಯಲ್ಲಿ ಹಿಡಿಯುವ ಟಿಸಿ ನೋಡುವುದು ಪಾಸ್ ಮೇಲಿನ ತಾರೀಖನ್ನು. ಕಳೆದುಹೋದ ಪಾಸ್‌ಗಳ ಪಟ್ಟಿ ಅವರ ಜೇಬಿನಲ್ಲಿ ಇರಲ್ಲ. ಬ್ರೌಸರಿನ ಪಾಡೂ ಹೆಚ್ಚುಕಡಿಮೆ ಇದೇ.

2014ರ ಜುಲೈನಲ್ಲಿ ನಮ್ಮ ದೇಶದಲ್ಲೇ ಇದು ಕಂಡಿತು. ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನ ಸಿಎಯಿಂದ ಗೂಗಲ್ ಡೊಮೈನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿದ್ದವು. ಜುಲೈ 2ಕ್ಕೆ ಗೂಗಲ್‌ಗೆ ಗೊತ್ತಾಯ್ತು, 3ಕ್ಕೆ ಭಾರತದ ಸಿಸಿಎ ಆ ಮಧ್ಯದ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿತು. ಆದರೂ ಗೂಗಲ್ ತನ್ನ ಕ್ರೋಮ್‌ಗೆ ಬೇರೆಯೇ ತಡೆಪಟ್ಟಿ ಕಳಿಸಬೇಕಾಯಿತು, ಮೈಕ್ರೋಸಾಫ್ಟ್ ವಿಂಡೋಸ್‌ಗೆ ತನ್ನದೇ ಪರಿಷ್ಕರಣೆ ಕೊಡಬೇಕಾಯಿತು. ಸಿಎ 'ರದ್ದು' ಅಂದಮಾತ್ರಕ್ಕೆ ಮುಗಿಯಲಿಲ್ಲ.

ಅವಧಿ ಕಡಿಮೆ ಮಾಡ್ತಿರೋದಕ್ಕೆ ಇದೂ ಒಂದು ದೊಡ್ಡ ಕಾರಣ. ಸುದ್ದಿ ತಲುಪದಿದ್ದರೂ ತಾರೀಖು ಬೇಗ ಮುಗಿಯಲಿ ಅಂತ. 47 ದಿನ ಅನ್ನೋದು ನಮಗೆ ಕೊಟ್ಟ ಶಿಕ್ಷೆ ಅಲ್ಲ, ಕದ್ದ ಕೀ ಹಿಡಿದವನಿಗೆ ಹಾಕಿದ ಗಡುವು.

ಸೋಮವಾರ ಆಫೀಸಿಗೆ ಹೋದಮೇಲೆ

ಮೂರು ಪ್ರಶ್ನೆ ಕೇಳಿ. ಅಕೌಂಟ್ ಕೀ ಎಲ್ಲಿದೆ, ಕೆಲಸ ಬಿಟ್ಟುಹೋದವರ ಲ್ಯಾಪ್‌ಟಾಪ್‌ನಲ್ಲಾ? ನವೀಕರಣ ವಿಫಲವಾದರೆ ಎಚ್ಚರಿಕೆ ಯಾರಿಗೆ ಹೋಗುತ್ತೆ? ರದ್ದು ಮಾಡುವ ಕಮಾಂಡನ್ನು ಸ್ಟೇಜಿಂಗ್‌ನಲ್ಲಿ ಒಮ್ಮೆಯಾದರೂ ಓಡಿಸಿ ನೋಡಿದ್ದೀರಾ? ಊರಿನ ಸಂಘದ್ದೋ ದೇವಸ್ಥಾನದ್ದೋ ಸೈಟ್ ನೋಡಿಕೊಳ್ಳುವವರಿಗೂ ಇದೇ ಪ್ರಶ್ನೆ. ಅಲ್ಲಿ ಬೀಗ ಹೋದರೆ ಫೋನ್ ಬರೋದು ನಿಮಗೇ.

ನಿಮ್ಮ ಕಡೆ ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದೆ ಅಂತ ಬರೆದು ಕಳಿಸಿ, ಮುಂದಿನ ಮಾತಿನಲ್ಲಿ ತಗೊಳ್ಳೋಣ.